ಆಟಿ ಅಮಾವಾಸ್ಯೆಗೆ ಮುಳ್ಳೇರಿಯ ಕಡೆ ಹೋಗುವವರಿಗೆ

ಹಿಂದಿನ ರಾತ್ರಿ ಕಾಸರಗೋಡು ಪೇಟೆಯಲ್ಲಿ ರೂಮು ನೆಚ್ಚಿಕೊಳ್ಳಬೇಡಿ. ತುಳುನಾಡಿನವರಿಗೆ ಆಟಿ ತಿಂಗಳ ಈ ಅಮಾವಾಸ್ಯೆ ಪಾಲೆ ಕಷಾಯದ ದಿನ, ಅಂದರೆ ಪಾಲೆ ಮರದ ತೊಗಟೆಯ ರಸ ಕುಡಿಯುವ ದಿನ. ಮಲಯಾಳಿಗಳಿಗೆ ಅದೇ ಕರ್ಕಿಡಕ ವಾವು, ತೀರಿಹೋದ ಹಿರಿಯರಿಗೆ ಬಲಿ (ಪಿಂಡ) ಹಾಕುವ ದಿನ. ಬೇಕಲದ ಹತ್ತಿರ ತೃಕ್ಕನ್ನಾಡಿನ ಕಡಲ ದಂಡೆಗೆ ಜನವೋ ಜನ. 2025ರಲ್ಲಿ ಜುಲೈ 24ಕ್ಕೆ ಬಿದ್ದಿತ್ತು. ಫೋನಿನಲ್ಲಿ 900 ರೂಪಾಯಿ ಎಂದಿದ್ದ ಲಾಡ್ಜಿನವರು, ನಾವು ನಾಲ್ವರು ತೊಪ್ಪೆಯಾಗಿ ಹೋಗಿ ನಿಂತಾಗ 2,200 ಕೇಳಿದರು. ಮಳೆ ಹೊಡೆಯುತ್ತಿತ್ತು, ಕೊಟ್ಟೆವು. ಹಾಸಿಗೆ ಮುಟ್ಟಿದರೆ ತೇವ, ದಿಂಬಿಗೆ ಬೂಷ್ಟಿನ ವಾಸನೆ. ನಸುಕಿಗೆ ಜೀಪಿಗೆ ಬೇರೆ ದುಡ್ಡು ತೆತ್ತೆವು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಹಿಂದಿನ ಸಂಜೆಯೇ ಚೆರ್ಕಳ–ಜಾಲ್ಸೂರು ರಸ್ತೆಯ ಬಸ್ಸು ಹತ್ತಿ ಮುಳ್ಳೇರಿಯದಲ್ಲಿ ಇಳಿದು, ಗೊತ್ತಿದ್ದವರ ಜಗಲಿಯಲ್ಲಿ ಮಲಗಿ. ಗೊತ್ತಿದ್ದವರು ಯಾರೂ ಇಲ್ಲದಿದ್ದರೆ ಈ ಹಬ್ಬಕ್ಕೆ ಹೋಗಲೇಬೇಡಿ ಎಂಬುದು ನನ್ನ ಅಭಿಪ್ರಾಯ.

ಯಾಕೆಂದರೆ ಮರ ತಪ್ಪಬಾರದು. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಕೊಡೆ ಬಿಡಿಸಿದ ಹಾಗೆ ಇರುತ್ತವೆ, ಹೆಚ್ಚಾಗಿ ಏಳು. ವಿಷದ ಕಾಸರಕ ಮರದ ಎಲೆ ಜೋಡಿ ಜೋಡಿ. ಆದರೆ ಕೆತ್ತೆ (ತೊಗಟೆ) ತೆಗೆಯುವುದು ಸೂರ್ಯ ಮೂಡುವ ಮೊದಲು. ಆ ಕತ್ತಲಲ್ಲಿ ಎಲೆ ಎಲ್ಲಿ ಕಾಣುತ್ತದೆ? ಕಾಸರಕದ ವಿಷ ಆಳನ್ನೇ ತೆಗೆಯುತ್ತದೆ. ಬಿಳಿ ಹಾಲು ಒಸರಿತು ಎಂದು ನಂಬಿದರೂ ತಪ್ಪು, ಹಾಲು ಬರುವ ವಿಷದ ಮರಗಳೂ ಇವೆ. ಗೆಳೆಯನ ಮಾವ ಹಿಂದಿನ ದಿನ ಹಗಲಲ್ಲೇ ನೋಡಿ ಮರಕ್ಕೆ ನೂಲು ಕಟ್ಟಿ ಬಂದಿದ್ದರು. ಟಾರ್ಚಿನ ಬೆಳಕಲ್ಲಿ ಮೊದಲು ಆ ನೂಲು ತಡವಿ ನೋಡಿದರು, ಆಮೇಲೆ ಕಲ್ಲು ಎತ್ತಿದರು. ಕತ್ತಿ ತಾಗಿಸುವ ಹಾಗಿಲ್ಲ. ಕಲ್ಲಿನಿಂದ ಜಜ್ಜಿದಲ್ಲಿ ಹಾಲು ಒಸರಿ ಅವರ ಬೆರಳ ಸಂದಿಗೆ ಇಳಿಯುತ್ತಿತ್ತು. ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು.

ಅದು ಅವರದೇ ಗುಡ್ಡೆ. ಕಾರಡ್ಕದ ರಿಸರ್ವ್ ಕಾಡಿಗೆ ನುಗ್ಗುವ ಯೋಚನೆ ಬೇಡ, ಆ ಕಡೆ ಆನೆಗಳ ಉಪದ್ರ ಇದೆ. ಇಂಬಳಕ್ಕೆ (ಜಿಗಣೆಗೆ) ಸುಣ್ಣ ಒಯ್ಯಿರಿ.

ಕೆತ್ತೆಯನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ಹಿಂಡಿದರು. ಒಲೆಯಲ್ಲಿ ಕೆಂಪಗೆ ಕಾಯಿಸಿದ ಬೊಳ್ಗಲ್ಲನ್ನು (ಬಿಳಿ ಬೆಣಚುಕಲ್ಲನ್ನು) ರಸಕ್ಕೆ ಬಿಟ್ಟಾಗ ಚುಂಯ್ ಎಂದು ಮನೆಯಿಡೀ ಹೊಗೆ. ಬರಿ ಹೊಟ್ಟೆಗೆ ಸಣ್ಣ ಲೋಟದಲ್ಲಿ ಅರ್ಧ. ಕಹಿ ಗಂಟಲಲ್ಲೇ ಕೂತಿರುತ್ತದೆ. ಮೇಲಿಂದ ತೆಂಗಿನ ಹಾಲಿನ ಮೆಂತೆ ಗಂಜಿ. ಗರ್ಭಿಣಿಯರಿಗೆ ಆ ಮನೆಯಲ್ಲಿ ಕಷಾಯ ಕೊಡುವುದಿಲ್ಲ. ಇನ್ನೂ ಸ್ವಲ್ಪ ಬೇಕು ಎಂದು ನಾನು ಕೇಳಿದರೂ ಕೊಡಲಿಲ್ಲ.

ಹತ್ತು ಗಂಟೆಗೆ ಮತ್ತೆ ಹಸಿವು. ಮುಳ್ಳೇರಿಯ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿಂದ ಸ್ವಲ್ಪ ಕೆಳಗೆ, ಬೋರ್ಡೇ ಇಲ್ಲದ, ನಾಲ್ಕೇ ಬೆಂಚಿನ ಹೋಟೆಲು. ಮರಕೆಸುವಿನ ಪತ್ರೊಡೆ ಹಬೆಯಿಂದ ಆಗಷ್ಟೇ ಇಳಿದಿತ್ತು. ಹೆಂಗಸೊಬ್ಬರು ತೆಳ್ಳಗೆ ಕೊಯ್ದು, ಬೆಲ್ಲ ಕಾಯಿತುರಿಯಲ್ಲಿ ಹೊರಳಿಸಿ ಬಾಳೆ ಎಲೆಗೆ ಹಾಕಿದರು. ಹುಣಸೆಯ ಹುಳಿ, ಅಕ್ಕಿಯ ತರಿ, ಎಲೆಯ ನಾರು, ಬೆಳಗ್ಗಿನ ಕಹಿಯ ಮೇಲೆ ಆ ಬೆಲ್ಲ! ಜತೆಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಕೇಳದೆಯೇ ಎರಡನೇ ಸಲ. ನಾಲ್ವರಿಗೆ 240 ರೂಪಾಯಿ. ಆ ಲಾಡ್ಜಿನ ದುಡ್ಡಿಗೆ ಇಲ್ಲಿ ಒಂಬತ್ತು ಸಲ ಉಣ್ಣಬಹುದಿತ್ತು. ಹನ್ನೊಂದರೊಳಗೆ ಹೋಗಿ. ನಾವು ಕೈ ತೊಳೆಯುವಾಗಲೇ ಹಬೆಯ ಪಾತ್ರೆ, ಅಟ್ಟಳಿಗೆ, ಖಾಲಿಯಾಗಿತ್ತು.