ಓಡೋಕೆ ಬರಲ್ವಾ ಮಾವ?

ಭಾನುವಾರದಿಂದ ತಲೆಯಲ್ಲಿ ಒಂದೇ ಪ್ರಶ್ನೆ ಗುಂಯ್‌ಗುಡ್ತಿದೆ. "ಇವನಿಗೆ ಓಡೋಕೆ ಬರಲ್ವಾ ಮಾವ?"

ಕೇಳಿದವನು ಅಕ್ಕನ ಮಗ, ಒಂಬತ್ತನೇ ಕ್ಲಾಸು. 'ಇವನು' ಅಂದ್ರೆ ಡಯಾಬ್ಲೊ ಅನ್ನೋ ಕಂಪ್ಯೂಟರ್ ಆಟದ ಯೋಧ. ಮೊದಲನೇ ಡಯಾಬ್ಲೊ, 1996 ಮುಗಿದು 97 ಶುರುವಾಗೋ ಹೊತ್ತಿಗೆ ಬಂದದ್ದು. ನನ್ನ ಹಳೇ ಸೀಡಿ ಗೀರು ಬಿದ್ದು ಹಾಳಾಗಿತ್ತು, ಈ ವಾರ ಗೇಮ್ ಮಾರೋ ಜಿಓಜಿ ಸೈಟಲ್ಲಿ ದುಡ್ಡು ಕೊಟ್ಟು ಇಳಿಸಿಕೊಂಡೆ. "ನಿನ್ನ ಕಾಲದ ಗೇಮ್ ತೋರ್ಸು" ಅಂದ. ಈ ಹುಡುಗನ ಕೈಲಿ ಶಹಭಾಸ್ ಅನ್ನಿಸಿಕೊಳ್ಳೋ ಚಪಲ ನನಗೆ ಯಾಕೋ ಮೊದಲಿಂದಲೂ ಇದೆ.

ಟ್ರಿಸ್ಟ್ರಮ್ ಊರಿನ ಆ ಗಿಟಾರ್ ಶುರುವಾದಾಗ ನನ್ನ ಮೈ ಜುಮ್ ಅಂತು. ಅವನು ಆಕಳಿಸಿದ. ಮರದ ಕಾಲಿನ ಹುಡುಗ ವರ್ಟ್ ಮಾಲು ಬರೀ ತೋರಿಸೋಕೇ 50 ಚಿನ್ನದ ನಾಣ್ಯ ಕೇಳಿದಾಗ ಮಾತ್ರ ಬಿದ್ದು ಬಿದ್ದು ನಕ್ಕ. ಇಂಥ ವಸೂಲಿ ಇವನಿಗೆ ಚೆನ್ನಾಗಿ ಅರ್ಥವಾಗುತ್ತೆ, ಅವನ ಫೋನ್ ಗೇಮ್‌ಗಳಿಗೆ ಭಾವ ಸುರಿದಿರೋ ದುಡ್ಡು ಕಮ್ಮಿಯೇನಲ್ಲ. ಅಕ್ಕನಿಗೆ ಆ ಲೆಕ್ಕ ಗೊತ್ತಿಲ್ಲ, ನಾನೂ ಹೇಳೋಕೆ ಹೋಗಿಲ್ಲ.

ಆಮೇಲೆ ಇಗರ್ಜಿಯ ಕೆಳಗೆ ಇಳಿದ. ಹದಿನಾರು ಅಂತಸ್ತು. ಎರಡನೆಯದರಲ್ಲೇ ಬುಚರ್ ಅನ್ನೋ ಕಟುಕ ರಾಕ್ಷಸನ ಕೋಣೆ. ಬಾಗಿಲು ತೆಗೆದದ್ದೇ ತಡ, "ಆಹ್, ಫ್ರೆಶ್ ಮೀಟ್!" ಹುಡುಗ ಪಟಪಟ ಕ್ಲಿಕ್ ಮಾಡಿದ. ಯೋಧ ಮದುವೆಮನೆಗೆ ಹೊರಟವನ ಹಾಗೆ ನಡೆದ. ಮೂರು ಏಟು, ಕಥೆ ಮುಗೀತು.

ಆಗಲೇ ಕೇಳಿದ್ದು. ಓಡೋಕೆ ಬರಲ್ವಾ?

"ಬರಲ್ಲ ಕಣೋ" ಅಂದೆ. ಅಷ್ಟೇ ಹೇಳಿದ್ದಕ್ಕೆ ಈಗ ಹೊಟ್ಟೆ ಉರೀತಿದೆ. ಇದು ಮೊದಲು ಚದುರಂಗದ ಹಾಗೆ ಸರದಿ ಪ್ರಕಾರ ಆಡೋ ಆಟವಾಗಿತ್ತು, ಆಟ ಕಟ್ಟಿದವರಲ್ಲಿ ಒಬ್ಬನಾದ ಡೇವಿಡ್ ಬ್ರೆವಿಕ್ ಒಂದು ಮಧ್ಯಾಹ್ನ ಕೂತು ಅದನ್ನ ಸರದಿಗೆ ಕಾಯದ ರಿಯಲ್ ಟೈಮ್‌ಗೆ ತಿರುಗಿಸಿಬಿಟ್ಟ, ಆ ಯೋಧನ ನಡಿಗೆಯಲ್ಲಿ ನನಗಿನ್ನೂ ಚದುರಂಗದ ಆ ಹಳೇ ಚೌಕ ಚೌಕ ಲೆಕ್ಕವೇ ಕಾಣುತ್ತೆ. ಇದೆಲ್ಲ ಹೇಳಬಹುದಿತ್ತು. ಅಥವಾ ಗೆಳೆಯನ ಮನೆಯ ದಪ್ಪ ಮಾನಿಟರ್ ಮುಂದೆ ನಾವು ನಾಲ್ಕು ಜನ ಇದೇ ಬಾಗಿಲ ಹತ್ತಿರ ಉಸಿರು ಹಿಡಿದು ಕೂತದ್ದು. ಸೇವ್ ಮಾಡೋದು ಮರೆತು ಕರೆಂಟ್ ಹೋದ್ರೆ ಇಡೀ ಸಂಜೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೂ ಮಾರನೇ ದಿನ ಮತ್ತೆ ಅಲ್ಲೇ. ಈಗಿನ ಆಟಗಳಲ್ಲಿ ಓಡಬಹುದು, ಉರುಳಬಹುದು, ಹಾರಬಹುದು. ನಾನೂ ಆಡ್ತೀನಿ. ಯಾವುದರಲ್ಲೂ ನನಗೆ ಆ ಹೆದರಿಕೆ ಹುಟ್ಟಿಲ್ಲ. ತಪ್ಪಿಸಿಕೊಳ್ಳೋಕೆ ದಾರಿ ಇದೆ ಅಂತ ಗೊತ್ತಿದ್ದ ಮೇಲೆ ಬಾಗಿಲಿಗೆ ಯಾರು ಹೆದರ್ತಾರೆ?

ಇಷ್ಟೆಲ್ಲ ಹೊಳೆದದ್ದು ಸೋಮವಾರ ಬಸ್ಸಲ್ಲಿ.

ಹುಡುಗ ಇನ್ನೆರಡು ಸಲ ಸತ್ತ. ನಾಲ್ಕನೇ ಸಲ ಕ್ಲಿಕ್ ನಿಧಾನವಾಯಿತು. ಬೆಲ್ಟಿನ ಎಂಟೂ ಜಾಗಕ್ಕೆ ಕೆಂಪು ಔಷಧಿ ತುಂಬಿಸಿದ, ಬಾಗಿಲಿನವರೆಗೆ ಬಂದು ನಿಂತ. ಮೌಸ್ ಮೇಲಿನ ಬೆರಳು ಎತ್ತಿ ನನ್ನ ಕಡೆ ತಿರುಗಿದ.

"ತೆಗೀಲಾ?"

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಊಟಕ್ಕೆ ಕೂಗಿದಳು. ಮೂರನೇ ಸಲ ಕರೆದರೂ ಏಳದವನು ಅವತ್ತು ಮೊದಲನೇ ಕೂಗಿಗೇ ಎದ್ದು ಓಡಿದ.