ಅರ್ಧ ಕನ್ನಡಿ, ಪೂರ್ತಿ ಮರ

ಹತ್ತನೇ ಕ್ಲಾಸಿನಲ್ಲಿ ದರ್ಪಣದ ಪಾಠ ಅಂದರೆ ನನಗೆ ಒಂದು ಕೋಷ್ಟಕ, ಅಷ್ಟೇ. ವಸ್ತು ಇಲ್ಲಿದ್ದರೆ ಪ್ರತಿಬಿಂಬ ಅಲ್ಲಿ, ಸತ್ಯ, ಮಿಥ್ಯ, ನೇರ, ತಲೆಕೆಳಗು. ಆರು ಸಾಲನ್ನೂ ಮಗ್ಗಿ ಹಾಗೆ ಒಪ್ಪಿಸುತ್ತಿದ್ದೆ. ಅದಕ್ಕೇ ಇರಬೇಕು, ಮೇಷ್ಟ್ರು ಅವತ್ತು ನನ್ನನ್ನೇ ಎಬ್ಬಿಸಿದ್ದು.

ನಮ್ಮ ಲ್ಯಾಬು ಅಂದರೆ ಒಂದು ಸಣ್ಣ ಕೋಣೆ, ಒಂದು ಬೀರು. ಬೀರುವಿನಲ್ಲಿ ಹಳೇ ಬಟ್ಟೆ ಸುತ್ತಿಟ್ಟ ಒಂದೇ ಒಂದು ನಿಮ್ನ ದರ್ಪಣ, ಅಂದರೆ ಒಳಕ್ಕೆ ಬಾಗಿದ ಕನ್ನಡಿ. ಅದರ ಸಂಗಮ ದೂರ, ಅಂದರೆ ದೂರದ ವಸ್ತುವಿನ ಬೆಳಕನ್ನು ಅದು ಒಟ್ಟುಗೂಡಿಸುವ ಜಾಗದವರೆಗಿನ ದೂರ, 15 ಸೆಂ.ಮೀ. ಮೇಷ್ಟ್ರು ಒಂದು ಕಿಟಕಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿಸಿದರು. ಕನ್ನಡಿಯನ್ನು ಕಿಟಕಿಗೆ ಎದುರು ಹಿಡಿದು, ಅದರ ಮುಂದೆ ಬಿಳಿ ಹಾಳೆಯ ಒಂದು ಚೂರನ್ನು ಹಿಂದೆ ಮುಂದೆ ಸರಿಸುತ್ತಾ ಹೋದರು. ಹೊರಗಿನ ತೆಂಗಿನ ಮರ ಹೆಬ್ಬೆಟ್ಟಿನಷ್ಟಾಗಿ, ತಲೆಕೆಳಗಾಗಿ, ಗರಿ ಅಲ್ಲಾಡಿಸಿಕೊಂಡು ಹಾಳೆ ಮೇಲೆ ಬಂದು ನಿಂತಿತು. ಬಣ್ಣ ಸಮೇತ!

"ಈಗ ಅರ್ಧ ಕನ್ನಡಿ ಮುಚ್ಚಿದರೆ ಏನಾಗುತ್ತಮ್ಮಾ?"

"ಅರ್ಧ ಮರ ಕಾಣುತ್ತೆ ಸಾರ್." ನನಗಿದ್ದ ಅನುಮಾನ ಒಂದೇ, ಹೋಗೋದು ಬುಡವೋ ತುದಿಯೋ ಅಂತ.

ರಟ್ಟು ಅಡ್ಡ ಇಟ್ಟರು. ಮರ ಪೂರ್ತಿ ಇತ್ತು. ಸ್ವಲ್ಪ ಮಂಕಾಗಿತ್ತು, ಅಷ್ಟೇ.

ತಪ್ಪಾಗಿದ್ದು ಎಲ್ಲಿ ಅಂದರೆ, ಪುಸ್ತಕದ ಚಿತ್ರದಲ್ಲಿ ಎರಡೇ ಕಿರಣ ಎಳೆದಿರುತ್ತಾರೆ, ನಾನು ಇರೋದೇ ಎರಡು ಕಿರಣ ಅಂದುಕೊಂಡುಬಿಟ್ಟಿದ್ದೆ. ಒಂದು ಗರಿಯ ತುದಿಯಿಂದ ಹೊರಟ ಬೆಳಕು ಇಡೀ ಕನ್ನಡಿಯ ಮೇಲೆ ಬೀಳುತ್ತದೆ, ಕನ್ನಡಿಯ ಒಂದೊಂದು ಚೂರೂ ಅದನ್ನು ತಿರುಗಿಸಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಕಳಿಸುತ್ತದೆ. ಅರ್ಧ ಮುಚ್ಚಿದರೆ ಆಳುಗಳು ಅರ್ಧ ಆದರು, ಕೆಲಸ ಅದೇ. ತಮಿಳುನಾಡಿನ ಕಾವಲೂರಿನಲ್ಲಿ ನಕ್ಷತ್ರ ನೋಡುವ ದೂರದರ್ಶಕಕ್ಕೆ 2.34 ಮೀಟರ್ ಅಗಲದ ಕನ್ನಡಿ ಯಾಕೆ ಅಂತಲೂ ಅವತ್ತೇ ಹೇಳಿದರು. ಮಂಕು ನಕ್ಷತ್ರದ ಬೆಳಕು ಕೂಡಿಹಾಕೋಕೆ ಆಳು ಜಾಸ್ತಿ ಬೇಕಲ್ವಾ.

ಆಮೇಲೆ ಹಾಳೆ ತೆಗೆದರು. "ಪ್ರತಿಬಿಂಬ ಎಲ್ಲಿ ಹೋಯಿತು?"

"ಹೋಯಿತು ಸಾರ್" ಅಂತ ಇಡೀ ಕ್ಲಾಸು. ಪೀನ ದರ್ಪಣದಲ್ಲಿ, ಅಂದರೆ ಹೊರಕ್ಕೆ ಉಬ್ಬಿದ ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಕಾಣುವ ಹಾಗೆ, ಪ್ರತಿಬಿಂಬ ಕನ್ನಡಿಯ 'ಒಳಗೆ' ಇರುತ್ತದೆ ಅಂತಲೇ ನಮ್ಮ ಲೆಕ್ಕ. ಅವರು ಒಂದು ಪೆನ್ಸಿಲ್ ತಗೊಂಡು, ಕನ್ನಡಿಯಿಂದ ಸರಿಯಾಗಿ 30 ಸೆಂ.ಮೀ. ದೂರದಲ್ಲಿ ನಿಲ್ಲಿಸಿ, ಅದರ ಮೊನೆ ಕನ್ನಡಿಯ ಮಧ್ಯಕ್ಕೆ ಬರುವ ಹಾಗೆ ಮಾಡಿ, ನನ್ನನ್ನು ಒಂದು ಮೀಟರ್ ಹಿಂದೆ ನಿಲ್ಲಿಸಿದರು. ಪೆನ್ಸಿಲಿನ ಮೇಲೆ ಇನ್ನೊಂದು ಪೆನ್ಸಿಲ್ ತಲೆಕೆಳಗಾಗಿ ಇಳಿಬಿದ್ದಿತ್ತು, ಮೊನೆಗೆ ಮೊನೆ ತಾಗಿಸಿಕೊಂಡು.

"ತಲೆ ಆ ಕಡೆ ಈ ಕಡೆ ಆಡಿಸಿ ನೋಡು."

ಬಸ್ಸಿನಲ್ಲಿ ಕೂತರೆ ಹತ್ತಿರದ ಕಂಬ ಓಡುತ್ತದೆ, ದೂರದ ಗುಡ್ಡ ನಿಧಾನ. ಪ್ರತಿಬಿಂಬ ಕನ್ನಡಿಯಲ್ಲೇ ಇದ್ದಿದ್ದರೆ ಎರಡು ಮೊನೆಯೂ ಹಾಗೇ ಬೇರೆಯಾಗಬೇಕಿತ್ತು. ಆಗಲಿಲ್ಲ. ಎಷ್ಟು ಆಡಿಸಿದರೂ ಅಂಟಿಕೊಂಡೇ ಇದ್ದವು. ಅಂದರೆ ಆ ಎರಡನೇ ಪೆನ್ಸಿಲ್ ಗಾಳಿಯಲ್ಲೇ ಇದೆ, ಹಾಳೆ ಇರಲಿ ಬಿಡಲಿ! ಕೈ ಚಾಚಿ ಮುಟ್ಟಲು ಹೋದೆ. ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ, "ಸರಿಯಾದ ಜಾಗಕ್ಕೇ ಕೈ ಹಾಕಿದೆ" ಅಂದರು. ಸಂಗಮ ದೂರದ ಎರಡರಷ್ಟು ದೂರದಲ್ಲಿ ವಸ್ತು ಇದ್ದರೆ ಪ್ರತಿಬಿಂಬವೂ ಅಲ್ಲೇ, ತಲೆಕೆಳಗಾಗಿ. ಕೋಷ್ಟಕದ ಮೂರನೇ ಸಾಲು ಅದು, ನೂರು ಸಲ ಒಪ್ಪಿಸಿದ್ದೆ. ಪರೀಕ್ಷೆಯಲ್ಲಿ ಮಾತ್ರ ಪೀನ ದರ್ಪಣದ ಎರಡು ಉಪಯೋಗ ಬರೆಯಿರಿ ಅಂತ ಕೇಳಿದರು, ಅದು ಬೇರೆ ಮಾತು.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿದಾಗ ಬೀರು ತೆಗೆಸಿ ನೋಡಿದೆ. ಕನ್ನಡಿ ಇದೆ. ಸುತ್ತ ರಸ ಕಿತ್ತುಹೋಗಿ ಮಧ್ಯದಲ್ಲಿ ಒಂದಿಷ್ಟು ಮಾತ್ರ ಉಳಿದಿದೆ. ಆಮಂತ್ರಣ ಪತ್ರಿಕೆಯನ್ನು ಸಣ್ಣಗೆ ಮಡಚಿ, ಬಿಳಿ ಬದಿಯನ್ನು ಕನ್ನಡಿಗೆ ಹಿಡಿದು ಸರಿಸುತ್ತಾ ಹೋದೆ. ತೆಂಗಿನ ಮರ ಬಂತು. ಬುಡದಿಂದ ತುದಿವರೆಗೆ ಪೂರ್ತಿ, ಸ್ವಲ್ಪ ಮಂಕಾಗಿ.