ಹದಿಮೂರು ಸೆಕೆಂಡಿನ ಲೆಕ್ಕ

ಮೊದಲ ವಾರ

ನಿಯಮ ಹಾಕಿಕೊಂಡೆ. ಒಂದೇ ಹಾಡು ಮಾಡುವುದು. ನಾನಾಗಿ ಒಂದು ಸ್ವರವನ್ನೂ ನುಡಿಸುವಂತಿಲ್ಲ. ಎಲ್ಲ ಸದ್ದೂ ಅಪ್ಪನ ಹಳೆಯ ಎಲ್‌ಪಿಗಳಿಂದಲೇ ಬರಬೇಕು. ಈ ಹುಚ್ಚು ಹತ್ತಿಸಿದ್ದು ಡಿಜೆ ಶ್ಯಾಡೋ ಎಂಬ ಅಮೆರಿಕದ ಜಾಶ್ ಡೇವಿಸ್ ಬೇರೆಯವರ ರೆಕಾರ್ಡುಗಳ ತುಣುಕುಗಳಿಂದಲೇ ಕಟ್ಟಿ 1996ರಲ್ಲಿ ಹೊರತಂದ 'ಎಂಡ್‌ಟ್ರೊಡ್ಯೂಸಿಂಗ್' ಆಲ್ಬಂ. ಆತನಿಗೆ ಆಗ 24 ವರ್ಷ. ಸದ್ದಿನ ತುಣುಕು (ಸ್ಯಾಂಪಲ್) ಹಿಡಿದಿಟ್ಟು ಗುಂಡಿ ಒತ್ತಿದಾಗ ನುಡಿಸುವ ಅಕಾಯ್ ಎಂಪಿಸಿ60 ಸ್ಯಾಂಪ್ಲರ್, ರೆಕಾರ್ಡು ತಿರುಗಿಸಲು ಒಂದು ಟರ್ನ್‌ಟೇಬಲ್, ಎಡ್ಯಾಟ್ ಎಂಬ ಒಂದು ಡಿಜಿಟಲ್ ಟೇಪ್ ರೆಕಾರ್ಡರ್: ಸಲಕರಣೆ ಹೆಚ್ಚುಕಡಿಮೆ ಇಷ್ಟೇ. ಸರಕು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದ ರೆಕಾರ್ಡ್ ಅಂಗಡಿಯೊಂದರ ನೆಲಮಾಳಿಗೆಯಂತಹ ಜಾಗಗಳಲ್ಲಿ, ಯಾರೂ ಕೇಳದೆ ಬಿದ್ದಿದ್ದ ರೆಕಾರ್ಡುಗಳ ರಾಶಿಯಲ್ಲಿ.

ಎಂಪಿಸಿ60 ಕೊಳ್ಳುವ ಶಕ್ತಿ ನನಗಿಲ್ಲ. ಲ್ಯಾಪ್‌ಟಾಪಿನಲ್ಲೇ ಅದರ ಬಡತನವನ್ನು ಅಣಕಿಸಿ ನೋಡುತ್ತೇನೆ: ಸದ್ದಿನ ಗುಣಮಟ್ಟ ಸಿಡಿಗಿಂತ ಕಡಿಮೆ (12 ಬಿಟ್, 40 ಕಿಲೋಹರ್ಟ್ಸ್), ಹಿಡಿದಿಡುವ ಒಟ್ಟು ಸದ್ದು 13.1 ಸೆಕೆಂಡು.

ಎರಡನೆಯ ವಾರ

ಹದಿಮೂರು ಸೆಕೆಂಡೆಂದರೆ ಏನೂ ಅಲ್ಲ. ಪಿಟೀಲಿನ ಒಂದು ಎಳೆ, ಮೃದಂಗದ ಎರಡು ಆವರ್ತನ ಹಿಡಿಯುವಷ್ಟರಲ್ಲಿ ಡಬ್ಬಿ ತುಂಬಿತು. ಅಂದಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ನಿಮಿಷಕ್ಕೆ ಸುಮಾರು 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45ರಲ್ಲಿ ಓಡಿಸಿ ಹಿಡಿದುಕೊಳ್ಳುವುದು, ಆಮೇಲೆ ಸ್ಯಾಂಪ್ಲರಿನೊಳಗೆ ಶ್ರುತಿ ಇಳಿಸುವುದು. 1.35 ಪಟ್ಟು ವೇಗವೆಂದರೆ 13.1 ಸೆಕೆಂಡಿನಲ್ಲಿ ಸುಮಾರು 17.7 ಸೆಕೆಂಡಿನ ಸಂಗೀತ ಹಿಡಿಸುತ್ತದೆ. ಐದು ಅರ್ಧಸ್ವರಕ್ಕಿಂತ ತುಸು ಹೆಚ್ಚು ಇಳಿಸಿದರೆ ಮೂಲ ಶ್ರುತಿಗೆ ಬರುತ್ತದೆ.

ಜಿಪುಣತನಕ್ಕೆಂದು ಮಾಡಿದ್ದು ಬಣ್ಣವನ್ನೇ ಬದಲಿಸಿಬಿಟ್ಟಿತು. ಮೇಲಿನ ಹೊಳಪು ಹೋಗಿ, ಪಿಟೀಲು ಗೋಣಿಚೀಲದೊಳಗಿಂದ ಬಂದಂತೆ ಒರಟಾಯಿತು. ಆ ಆಲ್ಬಂನಲ್ಲಿ ಮಂಜು ಕವಿದಂತೆ ಕೇಳುವುದರಲ್ಲಿ ಈ ಯಂತ್ರದ ಪಾಲೂ ಇರಬೇಕೆಂದು ಈಗ ಅನ್ನಿಸುತ್ತಿದೆ. ನಾನು ಎಲ್ಲವನ್ನೂ ವಿಷಾದದ ಲೆಕ್ಕಕ್ಕೆ ಬರೆದಿದ್ದೆ.

ನಾಲ್ಕನೆಯ ವಾರ

ಮೃದಂಗದ ಒಂದೊಂದು ಹೊಡೆತವನ್ನೂ ಕತ್ತರಿಸಿ ಹದಿನಾರು ಗುಂಡಿಗಳಿಗೆ ಹಂಚಿದೆ. ಸಂಜೆ ಎರಡು ಗಂಟೆ ಕುಟ್ಟಿದರೂ ಗಡಿಯಾರದಂತೆ ಟಕಟಕ ಎನ್ನುತ್ತಿತ್ತು, ಜೀವವಿಲ್ಲ. ಕೊನೆಗೆ ಸ್ವಿಂಗ್ ತಿರುಗಿಸಿದೆ. ಎಂಪಿಸಿ ರೂಪಿಸಿದ ರೋಜರ್ ಲಿನ್ ಅದರಲ್ಲಿಟ್ಟ ಸೌಲಭ್ಯ ಇದು: ಎರಡಕ್ಕೊಂದು ಹೊಡೆತವನ್ನು ಕೊಂಚ ತಡಮಾಡುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಕದಿಮಿಯ 'ಕ' ಮತ್ತು 'ಮಿ' ಎರಡೂ ಸೋಮಾರಿಗಳಾಗುತ್ತವೆ. ಅದರ ಅಳತೆ ಶೇಕಡಾ 50ರಲ್ಲಿದ್ದರೆ ಅಪ್ಪಟ ಚತುರಶ್ರ, ಅಂದರೆ ಸಮನಾದ ನಾಲ್ಕರ ನಡೆ; 66ಕ್ಕೆ ಏರಿಸಿದರೆ ತಿಶ್ರದ, ಅಂದರೆ ಮೂರರ ನಡೆಯ ತೂಗು. ನನಗೆ ಬೇಕಾದದ್ದು 57ರಲ್ಲಿ ಸಿಕ್ಕಿತು. ಯಾವ ನಡೆಗೂ ಸೇರದ ಆ ಜಾಗಕ್ಕೆ ಮೃದಂಗದ ಮೇಷ್ಟರು ಏನೆನ್ನುತ್ತಾರೋ, ಕೇಳುವ ಧೈರ್ಯವಿಲ್ಲ.

ಏಳನೆಯ ವಾರ

ಕೆಲಸ ಸಾಗಲಿಲ್ಲ. ಸುಮ್ಮನೆ ಆಲ್ಬಂ ಕೇಳುತ್ತಾ ಕುಳಿತೆ. 'ಮಿಡ್‌ನೈಟ್ ಇನ್ ಎ ಪರ್ಫೆಕ್ಟ್ ವರ್ಲ್ಡ್' ಹಾಡಿನ ಪಿಯಾನೊ ಅಮೆರಿಕದ ಡೇವಿಡ್ ಆಕ್ಸೆಲ್‌ರಾಡ್ 1969ರಲ್ಲಿ ಹೊರತಂದ ರೆಕಾರ್ಡಿನದು. ಇನ್ನೊಂದು ಎಳೆ ಫಿನ್‌ಲೆಂಡಿನ ಪೆಕ್ಕಾ ಪೊಹ್ಯೋಲಾ ಅವರದು. ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದ ಹಾಗಿದೆ. ನನ್ನ ಪಿಟೀಲು ಮತ್ತು ಮೃದಂಗ ಒಂದೇ ಕಚೇರಿಯವು, ಆದರೂ ಬೇರೆ ಬೇರೆ ಊರಿನವರ ಹಾಗೆ ಮುಖ ತಿರುಗಿಸಿವೆ.

ಆಲ್ಬಂ ಬಂದಾಗ ಆದದ್ದೂ ವಿಚಿತ್ರವೇ. ಹೊರತಂದದ್ದು ಬ್ರಿಟನ್ನಿನ ಮೊ ವ್ಯಾಕ್ಸ್ ಎಂಬ ಸಂಸ್ಥೆ. ಅಲ್ಲಿ ಸೆಪ್ಟೆಂಬರಿನಲ್ಲಿ ಬಂದು ಆಲ್ಬಂಗಳ ಮಾರಾಟದ ಪಟ್ಟಿಯಲ್ಲಿ 17ನೇ ಸ್ಥಾನ ಮುಟ್ಟಿತು. ಆತನ ಸ್ವಂತ ದೇಶದಲ್ಲಿ ಬಿಡುಗಡೆಯಾದದ್ದು ನವೆಂಬರಿನಲ್ಲಿ. ಹಿಪ್ ಹಾಪಿನಿಂದ ಕವಲೊಡೆದ ನಿಧಾನ ಲಯದ ಸಂಗೀತಕ್ಕಿರುವ 'ಟ್ರಿಪ್ ಹಾಪ್' ಎಂಬ ಹೆಸರನ್ನು ಬ್ರಿಟನ್ನಿನ ಮಿಕ್ಸ್‌ಮ್ಯಾಗ್ ಪತ್ರಿಕೆ 1994ರಲ್ಲೇ ಆತನ ಸಂಗೀತಕ್ಕೆ ಅಂಟಿಸಿತ್ತು. ಆಲ್ಬಂನಲ್ಲಿ ಮಾತ್ರ ಹಿಪ್ ಹಾಪ್ ಏಕೆ ಕೆಟ್ಟಿತು ಎಂದು ಕೇಳುವ, ಒಂದು ನಿಮಿಷವೂ ಇಲ್ಲದ ತುಣುಕಿದೆ; ಉತ್ತರ, ದುಡ್ಡು. ಹಿಪ್ ಹಾಪಿನ ಮನೆಯವನಲ್ಲದವನು ಇಂತಹ ಜಗಳ ತೆಗೆಯುವುದಿಲ್ಲ. 2001ರ ಗಿನ್ನೆಸ್ ಪುಸ್ತಕ ಇದನ್ನು ಪೂರ್ತಿ ಸ್ಯಾಂಪಲ್‌ಗಳಿಂದಲೇ ಕಟ್ಟಿದ ಮೊದಲ ಆಲ್ಬಂ ಎಂದು ದಾಖಲಿಸಿತು. ಅಡುಗೆಯ ರುಚಿ ಬಿಟ್ಟು ಒಲೆಗೆ ಬಹುಮಾನ ಕೊಟ್ಟ ಹಾಗೆ.

ಒಂಬತ್ತನೆಯ ವಾರ

ಪಿಟೀಲನ್ನು ಮೂರು ತುಂಡು ಮಾಡಿ, ನಡುವಿನದನ್ನು ಎಸೆದೆ. ಕೂಡಿತು! ಎರಡು ನಿಮಿಷ ಹತ್ತು ಸೆಕೆಂಡು ಉಳಿದಿದೆ.

ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಕಲಾವಿದರು ಯಾರೆಂದು ಗುರುತಿಸುತ್ತಾರೆಂದು ಕಾದೆ. "ಈ ಟಿಕ್ ಟಿಕ್ ನೀನು ಐದನೆಯ ತರಗತಿಯಲ್ಲಿದ್ದಾಗ ಮುಳ್ಳು ಬೀಳಿಸಿ ಮಾಡಿದ ಗೀರಲ್ಲವೇ?" ಎಂದರು.

ಹೌದು. ಸಾಫ್ಟ್‌ವೇರಿನಲ್ಲಿ ಅದನ್ನು ಅಳಿಸಿಬಿಡಬೇಕೆಂದಿದ್ದೆ. ಈಗ ಎರಡನೆಯ ಚರಣಕ್ಕೆ ಅದನ್ನೇ ತಾಳವಾಗಿಸಿ, ಹದಿನಾರನೆಯ ಗುಂಡಿಗೆ ಕೂರಿಸಿದ್ದೇನೆ.